ಸ್ಪ್ಯಾನಿಷ್ ಮಾತೃಭಾಷೆಯವರಿಗೆ ಇಂಗ್ಲಿಷ್ ಸ್ವರಗಳ ಅಭ್ಯಾಸ: ಹ್ರಸ್ವ, ದೀರ್ಘ ಎಂದು ಕಲಿಸುವುದು ಸರಿಯೇ?

ತುರಿಯಾ ತೀರ (ವೇಲೆನ್ಸಿಯಾ, ಸ್ಪೇನ್)

ಎಲ್ಲರಿಗೂ ನಮಸ್ಕಾರ. ನಾನು ವೇಲೆನ್ಸಿಯಾದಲ್ಲಿ ನೆಲೆಸಿದ್ದು, ಬ್ರಿಟನ್ನಿನ ಆಸ್ಪತ್ರೆಗಳಿಗೆ ಕೆಲಸಕ್ಕೆ ಹೋಗಲು ಸಿದ್ಧತೆ ನಡೆಸಿರುವ ದಾದಿಯರ ಒಂದು ಸಣ್ಣ ಗುಂಪಿಗೆ ಇಂಗ್ಲಿಷ್ ಸಂಭಾಷಣೆಯ ಅಭ್ಯಾಸ ಮಾಡಿಸುತ್ತಿದ್ದೇನೆ. ಅವರ ವ್ಯಾಕರಣ ಚೆನ್ನಾಗಿದೆ. ವೈದ್ಯಕೀಯ ಪದಗಳಲ್ಲಿ ಬಹುಪಾಲು ಲ್ಯಾಟಿನ್, ಗ್ರೀಕ್ ಮೂಲದವಾದ್ದರಿಂದ ಅವು ನನಗಿಂತ ಅವರಿಗೇ ಹೆಚ್ಚು ಪರಿಚಿತ. ತೊಡಕಿರುವುದು ಸ್ವರಗಳಲ್ಲಿ.

ಹಿಮ್ಮಡಿ ಎಂಬರ್ಥದ ‘ಹೀಲ್’ ಮತ್ತು ಗುಡ್ಡ ಎಂಬರ್ಥದ ‘ಹಿಲ್’ ಅವರ ಬಾಯಲ್ಲಿ ಒಂದೇ ಆಗುತ್ತವೆ. ‘ರೋಗಿ ಇಂದು ಮನೆಗೆ ಹೊರಡುತ್ತಿದ್ದಾರೆ’ ಎಂದು ಹೇಳಲು ಬಳಸುವ ‘ಲೀವಿಂಗ್’ ಎಂಬ ಪದ, ‘ಬದುಕಿದ್ದಾರೆ’ ಎಂಬರ್ಥದ ‘ಲಿವಿಂಗ್’ ಎಂದು ಕೇಳಿಸುತ್ತದೆ. ಹಾಸಿಗೆಯ ಹೊದಿಕೆ ಎಂಬರ್ಥದ ‘ಶೀಟ್’ ಪದವನ್ನು ಬಳಸಬೇಕಾದಾಗ ಅಪಾರ್ಥವಾದೀತೆಂಬ ಭಯದಿಂದ ಕೆಲವರು ಆ ಪದವನ್ನೇ ಬಿಟ್ಟು ಸುತ್ತುಬಳಸಿ ಮಾತನಾಡುತ್ತಾರೆ. ಕನ್ನಡಿಗಳಾದ ನನಗೆ ಇದು ಇಕಾರ ಮತ್ತು ಈಕಾರದ ವ್ಯತ್ಯಾಸವಾಗಿ ತೋರಿತು. ಆದ್ದರಿಂದ ‘ಇದು ಹ್ರಸ್ವ, ಅದು ದೀರ್ಘ’ ಎಂದು ಹೇಳಿಕೊಡುತ್ತಾ ಬಂದಿದ್ದೇನೆ. ನಿಧಾನವಾಗಿ ಓದುವಾಗ ಅವರು ಈಕಾರವನ್ನು ಎಳೆದು ಸರಿಯಾಗಿಯೇ ಹೇಳುತ್ತಾರೆ. ಆದರೆ ಸಂಭಾಷಣೆಯ ವೇಗ ಬಂದ ಕೂಡಲೇ ಎರಡೂ ಮತ್ತೆ ಒಂದಾಗುತ್ತವೆ. ಧ್ವನಿಮುದ್ರಣ ಕೇಳಿಸಿ ಯಾವ ಪದವೆಂದು ಕೇಳಿದರೆ ಅರ್ಧದಷ್ಟು ಉತ್ತರಗಳು ಊಹೆಯಂತಿರುತ್ತವೆ. ಧ್ವನಿಶಾಸ್ತ್ರ ಬಲ್ಲವರು, ಸ್ಪ್ಯಾನಿಷ್ ಭಾಷಿಕರೊಡನೆ ಒಡನಾಟವಿರುವವರು ದಯವಿಟ್ಟು ದಾರಿ ತೋರಿಸಬೇಕು.

ಧ್ವನಿಜಿಜ್ಞಾಸು

ಬಹಳ ಉಪಯುಕ್ತವಾದ ಪ್ರಶ್ನೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಈ ಜೋಡಿಯನ್ನು ಹ್ರಸ್ವ, ದೀರ್ಘ ಎಂದು ಕಲಿಸುವುದನ್ನು ನಿಲ್ಲಿಸಬೇಕು. ಅವೆರಡು ಬೇರೆ ಬೇರೆ ಜಾಗದ ಸ್ವರಗಳೆಂದು ಕಲಿಸಬೇಕು.

ಕನ್ನಡದಲ್ಲಿ ‘ಬಿಡು’ ಮತ್ತು ‘ಬೀಡು’ ಪದಗಳನ್ನು ಬೇರ್ಪಡಿಸುವುದು ಮುಖ್ಯವಾಗಿ ಕಾಲಾವಧಿ. ನಮ್ಮ ಲಿಪಿಯೂ ಹಾಗೆಯೇ ಇದೆ. ಇಂಗ್ಲಿಷ್ ಪದಗಳನ್ನು ಕನ್ನಡದಲ್ಲಿ ಬರೆಯುವಾಗ ನಾವು ‘ಶಿಪ್’, ‘ಶೀಪ್’ ಎಂದು ಗುಡಿಸಿಗೆ ದೀರ್ಘ ಕೊಟ್ಟು ಬೇರ್ಪಡಿಸುತ್ತೇವೆ. ಹೀಗಾಗಿ ಇಂಗ್ಲಿಷಿನಲ್ಲೂ ಅವಧಿಯೇ ವ್ಯತ್ಯಾಸದ ಮೂಲವೆಂಬ ಭಾವನೆ ನಮ್ಮಲ್ಲಿ ಸಹಜವಾಗಿ ಬೆಳೆದಿರುತ್ತದೆ. ಇಂಗ್ಲಿಷಿನ ವಾಸ್ತವ ಬೇರೆ. ಅಲ್ಲಿ ಸ್ವರದ ಅವಧಿಯನ್ನು ಅದರ ಮುಂದಿನ ವ್ಯಂಜನ ಬಹುಮಟ್ಟಿಗೆ ನಿರ್ಧರಿಸುತ್ತದೆ. ಅಘೋಷ ವ್ಯಂಜನದ (ಕ, ಟ, ಪಗಳಂತೆ ಗಂಟಲು ಕಂಪಿಸದೆ ಹೇಳುವುದು) ಮುಂದೆ ಸ್ವರ ಮೊಟಕಾಗುತ್ತದೆ, ಘೋಷ ವ್ಯಂಜನದ (ಗ, ಡ, ಬಗಳಂತೆ ಗಂಟಲು ಕಂಪಿಸಿ ಹೇಳುವುದು) ಮುಂದೆ ಹಿಗ್ಗುತ್ತದೆ. ಬಡಿತ ಎಂಬರ್ಥದ ‘ಬೀಟ್’ ಪದದ ಸ್ವರವು ಹರಾಜಿನ ಕೂಗು ಎಂಬರ್ಥದ ‘ಬಿಡ್’ ಪದದ ಸ್ವರದಷ್ಟೇ, ಕೆಲವೊಮ್ಮೆ ಅದಕ್ಕಿಂತಲೂ ಕಡಿಮೆ ಅವಧಿಯದ್ದಾಗಿರುತ್ತದೆ. ದೀರ್ಘವೆಂದು ಕಲಿತದ್ದು ಗಿಡ್ಡವಾಗಿ, ಹ್ರಸ್ವವೆಂದು ಕಲಿತದ್ದು ಉದ್ದವಾಗಿ ಕಿವಿಗೆ ಬಿದ್ದರೆ ನಿಮ್ಮ ವಿದ್ಯಾರ್ಥಿನಿಯರು ಊಹಿಸುವುದಲ್ಲದೆ ಬೇರೇನು ಮಾಡಿಯಾರು?

ನಿಜವಾದ ವ್ಯತ್ಯಾಸ ನಾಲಿಗೆಯ ಸ್ಥಾನದಲ್ಲಿದೆ. 1952ರಲ್ಲಿ ಪೀಟರ್ಸನ್ ಮತ್ತು ಬಾರ್ನಿ ಅಮೆರಿಕನ್ ಇಂಗ್ಲಿಷ್ ಮಾತನಾಡುವ 76 ಜನರ ಸ್ವರಗಳನ್ನು ಅಳೆದು ಪ್ರಕಟಿಸಿದ ಅಂಕಿಗಳನ್ನು ಈಗಲೂ ಉಲ್ಲೇಖಿಸುತ್ತಾರೆ. ಅದರಲ್ಲಿ ಗಂಡಸರ ಸರಾಸರಿಯಂತೆ ‘ಶೀಪ್’ ಬಗೆಯ ಸ್ವರದ ಮೊದಲ ಫಾರ್ಮಂಟ್ (ಬಾಯಿಯ ಆಕಾರದಿಂದ ಬಲಗೊಳ್ಳುವ ಧ್ವನಿಯ ಆವರ್ತನ) 270 ಹರ್ಟ್ಸ್, ಎರಡನೆಯದು 2290. ‘ಶಿಪ್’ ಬಗೆಯ ಸ್ವರಕ್ಕೆ ಅವು 390 ಮತ್ತು 1990. ಮೊದಲ ಫಾರ್ಮಂಟ್ ಏರಿದಷ್ಟೂ ಬಾಯಿ ಹೆಚ್ಚು ತೆರೆದಿದೆ ಎಂದೂ ಎರಡನೆಯದು ಇಳಿದಷ್ಟೂ ನಾಲಿಗೆ ಹಿಂದೆ ಸರಿದಿದೆ ಎಂದೂ ಸ್ಥೂಲವಾಗಿ ಹೇಳಬಹುದು. ಅಂದರೆ ‘ಶಿಪ್’ ಸ್ವರವನ್ನು ಮೊಟಕುಗೊಳಿಸಿದ ‘ಶೀಪ್’ ಸ್ವರವೆಂದು ತಿಳಿಯುವಂತಿಲ್ಲ. ಅದು ಎಕಾರದ ಕಡೆಗೆ ಇಳಿದ, ಸಡಿಲವಾದ, ತನ್ನದೇ ಜಾಗವಿರುವ ಸ್ವರ.

ಸ್ಪ್ಯಾನಿಷಿನಲ್ಲಿರುವುದು ಐದೇ ಸ್ವರಗಳು. ಅವಧಿಯ ಭೇದ ಅದಕ್ಕಿಲ್ಲ. ಅದರ ಇಕಾರ ಇಂಗ್ಲಿಷಿನ ‘ಶೀಪ್’ ಸ್ವರಕ್ಕೆ ಬಹಳ ಹತ್ತಿರ. ಆದ್ದರಿಂದ ‘ಶೀಪ್’ ಅವರಿಗೆ ಆಗಲೇ ಬರುತ್ತದೆ, ಎಳೆಯಬೇಕಾಗಿಯೇ ಇಲ್ಲ. ಬಾರದಿರುವುದು ‘ಶಿಪ್’. ನಿಮ್ಮ ಶ್ರಮವೆಲ್ಲ ಆ ಒಂದು ಸ್ವರದ ಮೇಲೆ ಬೀಳಬೇಕು.

ಅದಕ್ಕೊಂದು ದಾರಿಯಿದೆ. ಸ್ಪ್ಯಾನಿಷಿನಲ್ಲಿ ಚರ್ಚಿನ ಪೂಜೆಗೆ ‘ಮಿಸ’ ಎನ್ನುತ್ತಾರೆ, ಮೇಜಿಗೆ ‘ಮೆಸ’ ಎನ್ನುತ್ತಾರೆ. ಮೊದಲು ಎರಡನ್ನೂ ಹೇಳಿಸಿ. ಬಳಿಕ ‘ಮೆಸ’ದ ಎಕಾರವನ್ನು ಹಿಡಿದುಕೊಂಡು, ತುಟಿಯನ್ನು ಅಗಲಿಸದೆ, ಕೆನ್ನೆಯ ಸ್ನಾಯುಗಳನ್ನು ಬಿಗಿಯದೆ, ನಾಲಿಗೆಯನ್ನು ‘ಮಿಸ’ದ ಕಡೆಗೆ ತುಸುವೇ ಏರಿಸಲು ಹೇಳಿ. ಅರ್ಧ ದಾರಿಯಲ್ಲಿ ನಿಂತರೆ ಸಿಗುವುದೇ ‘ಶಿಪ್’ ಸ್ವರ. ಇಕಾರದಿಂದ ಹೊರಟರೆ ಅವರು ಇಕಾರದಲ್ಲೇ ಉಳಿದುಬಿಡುತ್ತಾರೆ, ಏಕೆಂದರೆ ಅಭ್ಯಾಸದ ಸೆಳೆತ ಅಲ್ಲಿ ಬಲವಾಗಿದೆ. ಎಕಾರದಿಂದ ಹೊರಟರೆ ತಪ್ಪಿದರೂ ತಪ್ಪು ಬೇರೆ ದಿಕ್ಕಿನಲ್ಲಿ ಆಗುತ್ತದೆ. ಆಗ ಕನಿಷ್ಠ ‘ಹಿಲ್’ ಮತ್ತು ‘ಹೀಲ್’ ಕಲಬೆರಕೆಯಾಗುವುದಿಲ್ಲ.

ಎಡಿನ್‌ಬರೊ ವಾಸಿ

ಮೇಲಿನವರ ಮಾತಿಗೆ ಇಲ್ಲಿಂದ ಒಂದು ಪುರಾವೆ. 2004ರಲ್ಲಿ ಪಾವೋಲಾ ಎಸ್ಕುದೆರೊ ಮತ್ತು ಪಾಲ್ ಬೋರ್ಸ್ಮಾ ಪ್ರಕಟಿಸಿದ ಅಧ್ಯಯನವು ನಿಮ್ಮ ಪ್ರಶ್ನೆಯನ್ನೇ ಎತ್ತಿಕೊಂಡಿತ್ತು. ಸ್ಕಾಟ್ಲೆಂಡಿನ ಇಂಗ್ಲಿಷ್ ಕಲಿಯುತ್ತಿದ್ದ ಸ್ಪ್ಯಾನಿಷ್ ಭಾಷಿಕರು ಈ ಎರಡು ಸ್ವರಗಳನ್ನು ಅವುಗಳ ಗುಣದಿಂದ, ಅಂದರೆ ನಾಲಿಗೆಯ ಸ್ಥಾನದಿಂದ ಬರುವ ಧ್ವನಿಯ ಬಗೆಯಿಂದ, ಗುರುತಿಸುವತ್ತ ಸಾಗಿದರೆ, ದಕ್ಷಿಣ ಇಂಗ್ಲೆಂಡಿನ ಇಂಗ್ಲಿಷ್ ಕಲಿಯುತ್ತಿದ್ದವರು ಹೆಚ್ಚಾಗಿ ಅವಧಿಯನ್ನೇ ನೆಚ್ಚಿಕೊಂಡಿದ್ದರು. ಕಾರಣ ಸ್ಪಷ್ಟವಿದೆ. ಸ್ಕಾಟ್ಲೆಂಡಿನಲ್ಲಿ ‘ಶೀಟ್’, ‘ಸೀಟ್’ ಪದಗಳ ಸ್ವರ ಗಿಡ್ಡವಾಗಿಯೇ ಇರುತ್ತದೆ. ಅದು ಹಿಗ್ಗುವುದು ‘ಲೀವ್’ ಪದದ ಕೊನೆಯಲ್ಲಿರುವಂಥ ಘೋಷ ಊಷ್ಮಗಳ (ಗಾಳಿ ಉಜ್ಜಿ ಬರುವ ಘೋಷ ವ್ಯಂಜನಗಳ) ಮುಂದೆ, ರಕಾರದ ಮುಂದೆ ಮತ್ತು ಪದದ ಕೊನೆಯಲ್ಲಿ ಮಾತ್ರ. ಇದನ್ನು ಇಲ್ಲಿನ ಭಾಷಾತಜ್ಞರು ಏಟ್ಕನ್ ನಿಯಮ ಎನ್ನುತ್ತಾರೆ. ಅವಧಿಯಿಂದ ಸುಳಿವು ಸಿಗದ ಕಡೆ ಕಿವಿ ಬೇರೆ ಸುಳಿವನ್ನು ಹುಡುಕಿಕೊಳ್ಳುತ್ತದೆ. ಇಲ್ಲಿಯವರ ‘ಶಿಪ್’ ಸ್ವರವೂ ಎಕಾರದತ್ತ ಎಷ್ಟು ಇಳಿದಿರುತ್ತದೆಂದರೆ ಹೊಸಬರಿಗೆ ಅದು ‘ಶೆಪ್’ ಎಂದೇ ಕೇಳಿಸಬಹುದು.

ಆದ್ದರಿಂದ ನಿಮ್ಮ ದಾದಿಯರು ಯಾವ ಊರಿಗೆ ಹೋಗುತ್ತಾರೆಂಬುದನ್ನು ದಯವಿಟ್ಟು ಮೊದಲು ವಿಚಾರಿಸಿಕೊಳ್ಳಿ. ಗ್ಲಾಸ್ಗೋ ಅಥವಾ ಎಡಿನ್‌ಬರೊಗೆ ಬರುವವರಿಗೆ ಈಜುಕೊಳ ಎಂಬರ್ಥದ ‘ಪೂಲ್’ ಮತ್ತು ಎಳೆ ಎಂಬರ್ಥದ ‘ಪುಲ್’ ಪದಗಳನ್ನು ಬೇರ್ಪಡಿಸುವ ಅಭ್ಯಾಸವೇ ಬೇಡ, ಏಕೆಂದರೆ ಇಲ್ಲಿನ ಬಹುಪಾಲು ಜನರಿಗೆ ಅವೆರಡೂ ಒಂದೇ. ಲೀಡ್ಸ್, ಮ್ಯಾಂಚೆಸ್ಟರ್ ಕಡೆಗೆ ಹೋಗುವವರು ರಕ್ತ ಎಂಬರ್ಥದ ‘ಬ್ಲಡ್’ ಪದವನ್ನು ಸ್ಥಳೀಯರು ‘ಬ್ಲುಡ್’ ಎಂಬಂತೆ, ‘ಕಪ್’ ಪದವನ್ನು ‘ಕುಪ್’ ಎಂಬಂತೆ ಹೇಳುವುದನ್ನು ದಿನವೂ ಕೇಳುತ್ತಾರೆ. ಹಾಗೆ ಮಾತನಾಡಬೇಕೆಂದಲ್ಲ, ಕೇಳಿದಾಗ ಗಲಿಬಿಲಿಯಾಗಬಾರದು. ರೋಗಿಗಳು ಪಠ್ಯಪುಸ್ತಕದ ಉಚ್ಚಾರಣೆಯಲ್ಲಿ ನೋವು ಹೇಳಿಕೊಳ್ಳುವುದಿಲ್ಲ.

ಮೈಸೂರಿನ ಅಧ್ಯಾಪಕ

ಚರ್ಚೆ ಒಳ್ಳೆಯ ದಿಕ್ಕಿನಲ್ಲಿದೆ, ಆದರೆ ಒಂದು ಭಿನ್ನಾಭಿಪ್ರಾಯವನ್ನು ದಾಖಲಿಸಲು ಬಯಸುತ್ತೇನೆ.

ಬ್ರಿಟನ್ನಿನ ಆಸ್ಪತ್ರೆಯೊಂದರಲ್ಲಿ ಈ ದಾದಿಯರ ಸಹೋದ್ಯೋಗಿಗಳು ಯಾರಿರುತ್ತಾರೆ? ಕೇರಳದವರು, ಫಿಲಿಪ್ಪೀನ್ಸಿನವರು, ನೈಜೀರಿಯಾದವರು, ಪೋಲೆಂಡಿನವರು ಇರುತ್ತಾರೆ. ನಮ್ಮ ಮಂಗಳೂರಿನ ನರ್ಸಿಂಗ್ ಕಾಲೇಜುಗಳಲ್ಲಿ ಕಲಿತವರೂ ಇರುತ್ತಾರೆ. ಇಂಥ ಬಹುಭಾಷಿಕ ವಾತಾವರಣದಲ್ಲಿ ಪರಸ್ಪರ ಅರ್ಥವಾಗಲು ಯಾವ ಧ್ವನಿಗಳು ಅನಿವಾರ್ಯ ಎಂಬುದನ್ನು ಭಾಷಾತಜ್ಞೆ ಜೆನ್ನಿಫರ್ ಜೆಂಕಿನ್ಸ್ ಅವರು 2000ದಲ್ಲಿ ವಿವರವಾಗಿ ಚರ್ಚಿಸಿದ್ದಾರೆ. ಅವರ ತೀರ್ಮಾನದ ಪ್ರಕಾರ ಸ್ವರಗಳ ಅವಧಿಯ ಭೇದ ಅಗತ್ಯ. ಸ್ವರದ ಗುಣ ಪ್ರದೇಶದಿಂದ ಪ್ರದೇಶಕ್ಕೆ ಬದಲಾದರೂ, ಮಾತನಾಡುವವರು ಒಂದೇ ರೀತಿಯನ್ನು ಬಿಡದೆ ಪಾಲಿಸಿದರೆ ಅರ್ಥಕ್ಕೆ ಅಡ್ಡಿಯಿಲ್ಲ. ಗುಣದ ವಿಷಯದಲ್ಲಿ ಅವರು ವಿಶೇಷವಾಗಿ ಉಳಿಸಿಕೊಂಡದ್ದು ‘ನರ್ಸ್’ ಪದದ ಸ್ವರವನ್ನು. ಹೀಗಿರುವಾಗ ಅವಧಿಯನ್ನು ಪೂರ್ತಿಯಾಗಿ ಕೈಬಿಡುವುದು ಅತಿಯಾಗಲಿಲ್ಲವೇ?

ಇನ್ನೊಂದು ವಿಷಯವನ್ನೂ ಇಲ್ಲಿ ಸೇರಿಸುವ ಆಸೆ. ಸ್ಪ್ಯಾನಿಷಿನ ತಾಯಿಯಾದ ಲ್ಯಾಟಿನ್ನಿನಲ್ಲಿ ಕನ್ನಡದಂತೆಯೇ ಐದು ಹ್ರಸ್ವ, ಐದು ದೀರ್ಘ ಸ್ವರಗಳಿದ್ದವು. ಆಡುಮಾತಿನ ಲ್ಯಾಟಿನ್ನಿನಲ್ಲಿ ಅವಧಿಯ ಭೇದ ಕರಗಿ, ಆ ಹತ್ತು ಸ್ವರಗಳು ಬಹುಪಾಲು ಕಡೆಗಳಲ್ಲಿ ಗುಣದಿಂದ ಬೇರ್ಪಟ್ಟ ಏಳಾದವು. ಸ್ಪ್ಯಾನಿಷಿನಲ್ಲಿ ಅವುಗಳ ಪೈಕಿ ವಿವೃತ (ಬಾಯಿ ಹೆಚ್ಚು ತೆರೆದು ಹೇಳುವ) ಎಕಾರ, ಒಕಾರಗಳು ಒತ್ತು ಬಿದ್ದಲ್ಲಿ ಒಡೆದು ಸಂಧಿಸ್ವರಗಳಾದವು (ಎರಡು ಸ್ವರ ಬೆರೆತ ಧ್ವನಿಗಳು). ‘ತೆರ್ರ’ ಎಂಬುದು ‘ತಿಯೆರ್ರ’ ಆಯಿತು, ‘ಪೊರ್ತ’ ಎಂಬುದು ‘ಪುಯೆರ್ತ’ ಆಯಿತು. ಉಳಿದದ್ದು ಐದು ಶುದ್ಧ ಸ್ವರಗಳು. ಇಂಗ್ಲಿಷ್ ಇದಕ್ಕೆ ವಿರುದ್ಧವಾಗಿ, ಸುಮಾರು ಹದಿನೈದನೆಯ ಶತಮಾನದಿಂದ ಆರಂಭಿಸಿ, ತನ್ನ ದೀರ್ಘ ಸ್ವರಗಳಲ್ಲಿ ಹೆಚ್ಚಿನವನ್ನು ಮೇಲಕ್ಕೆ ತಳ್ಳಿ ಕಾಗುಣಿತವನ್ನು ಮಾತ್ರ ಹಳೆಯದಾಗಿಯೇ ಉಳಿಸಿಕೊಂಡಿತು. ಬರೆದಂತೆ ಓದುವ ಭಾಷೆಯಲ್ಲಿ ಬೆಳೆದವರು ಬರೆದದ್ದನ್ನು ನಂಬಲಾಗದ ಭಾಷೆಗೆ ಕಾಲಿಡುತ್ತಿದ್ದಾರೆ. ಅವರ ಕಷ್ಟವನ್ನು ಕನ್ನಡಿಗರಾದ ನಾವು ಬೇರೆಯವರಿಗಿಂತ ಚೆನ್ನಾಗಿ ಅರಿಯಬಲ್ಲೆವು.

ಧ್ವನಿಜಿಜ್ಞಾಸು

ಅಧ್ಯಾಪಕರ ಆಕ್ಷೇಪ ತೂಕವುಳ್ಳದ್ದು. ಜೆಂಕಿನ್ಸ್ ಅವರ ಪಟ್ಟಿಯಲ್ಲಿ ಅವಧಿ ಇರುವುದು ನಿಜ. ಆದರೆ ಅವರು ಮನಸ್ಸಿನಲ್ಲಿಟ್ಟುಕೊಂಡದ್ದು ಇಂಗ್ಲಿಷ್ ಯಾರ ಮಾತೃಭಾಷೆಯೂ ಅಲ್ಲದ ಸಂವಾದ. ಇಲ್ಲಿಯ ದಾದಿಯರು ಸಹೋದ್ಯೋಗಿಗಳೊಡನೆ ಮಾತ್ರವಲ್ಲದೆ, ಕಿವಿ ಮಂದವಾಗಿರುವ ಎಂಬತ್ತರ ಹರೆಯದ ಸ್ಥಳೀಯ ರೋಗಿಗಳೊಡನೆಯೂ ಮಾತನಾಡಬೇಕು. ಅಲ್ಲದೆ, ಅವಧಿಯನ್ನು ನಾನು ಕೈಬಿಡುತ್ತಿಲ್ಲ. ಅದನ್ನು ಕಲಿಸಬೇಕಾದ ಜಾಗ ಸ್ವರದ ಪಾಠವಲ್ಲ, ವ್ಯಂಜನದ ಪಾಠ. ‘ಸೀಟ್’ ಮತ್ತು ‘ಸೀಡ್’, ‘ಬ್ಯಾಕ್’ ಮತ್ತು ‘ಬ್ಯಾಗ್’, ‘ಐಸ್’ ಮತ್ತು ಕಣ್ಣುಗಳು ಎಂಬರ್ಥದ ‘ಐಜ್’ ಇಂಥ ಜೋಡಿಗಳಲ್ಲಿ ಘೋಷ ವ್ಯಂಜನದ ಹಿಂದಿನ ಸ್ವರವನ್ನು ಹಿಗ್ಗಿಸಲು ಕಲಿಸಿದರೆ, ಸ್ಪ್ಯಾನಿಷ್ ಭಾಷಿಕರ ಮತ್ತೊಂದು ದೊಡ್ಡ ಕೊರತೆಯೂ ನೀಗುತ್ತದೆ. ಏಕೆಂದರೆ ಪದಾಂತ್ಯದಲ್ಲಿ ಘೋಷ, ಅಘೋಷಗಳ ಭೇದ ಉಳಿಸುವುದು ಅವರಿಗೆ ಬಹಳ ಕಷ್ಟ. ಅವಧಿಗೆ ಒಂದು ಕೆಲಸ, ಗುಣಕ್ಕೆ ಒಂದು ಕೆಲಸ ಎಂದು ಹಂಚಿಕೊಟ್ಟಾಗ ಕಲಿಯುವವರ ಮನಸ್ಸಿನಲ್ಲಿ ಎರಡೂ ಸ್ಪಷ್ಟವಾಗುತ್ತವೆ.

ಕೇಳುವ ಅಭ್ಯಾಸದ ಬಗ್ಗೆಯೂ ಹೇಳಬೇಕು. ಬಾಯಿಗಿಂತ ಮೊದಲು ಕಿವಿ ತಯಾರಾಗಬೇಕು ಎಂಬುದು ನನ್ನ ದೃಢವಾದ ನಂಬಿಕೆ. ಒಬ್ಬರ ಧ್ವನಿಯನ್ನಷ್ಟೇ ಕೇಳಿಸಬೇಡಿ. 1991ರಲ್ಲಿ ಲೋಗನ್, ಲೈವ್ಲಿ ಮತ್ತು ಪಿಸೋನಿ ಅವರು ಜಪಾನಿ ಭಾಷಿಕರಿಗೆ ಇಂಗ್ಲಿಷಿನ ರಕಾರ, ಲಕಾರಗಳನ್ನು ಗುರುತಿಸಲು ಕಲಿಸಿದಾಗ ಹಲವಾರು ಜನರ ಧ್ವನಿಗಳನ್ನು, ಹಲವು ಬಗೆಯ ಪದಗಳನ್ನು ಬಳಸಿ, ಪ್ರತಿ ಉತ್ತರದ ಬೆನ್ನಲ್ಲೇ ಸರಿಯೋ ತಪ್ಪೋ ಎಂದು ತಿಳಿಸಿದರು. ಈ ವಿಧಾನದಿಂದ ಕೇಳುವ ಶಕ್ತಿಯಷ್ಟೇ ಅಲ್ಲ, ಉಚ್ಚಾರಣೆಯೂ ಸುಧಾರಿಸುತ್ತದೆಂದು ಅದೇ ತಂಡದವರ ಮುಂದಿನ ಪ್ರಯೋಗ 1997ರಲ್ಲಿ ತೋರಿಸಿತು. ಸ್ಪೇನಿನಲ್ಲಿ ಇದಕ್ಕೆ ಇನ್ನಷ್ಟು ಮಹತ್ವವಿದೆ. 1941ರಲ್ಲಿ ಫ್ರಾಂಕೊ ಆಡಳಿತ ವಿದೇಶಿ ಚಿತ್ರಗಳ ಡಬ್ಬಿಂಗ್ ಕಡ್ಡಾಯಗೊಳಿಸಿತು. ಕಡ್ಡಾಯ ಹೋದ ಮೇಲೂ ಡಬ್ಬಿಂಗ್ ರೂಢಿಯಾಗಿ ಉಳಿಯಿತು. ಹೀಗಾಗಿ ಮೂಲ ಇಂಗ್ಲಿಷ್ ಧ್ವನಿ ಕಿವಿಗೆ ಬೀಳದೆಯೇ ತಲೆಮಾರುಗಳು ಬೆಳೆದಿವೆ.

ತುರಿಯಾ ತೀರ (ವೇಲೆನ್ಸಿಯಾ, ಸ್ಪೇನ್)

ಎಲ್ಲರಿಗೂ ಕೃತಜ್ಞತೆಗಳು. ‘ಮಿಸ’, ‘ಮೆಸ’ಗಳ ನಡುವಿನ ದಾರಿಯನ್ನು ತರಗತಿಯಲ್ಲಿ ಪ್ರಯತ್ನಿಸಿದೆ. ಒಬ್ಬಾಕೆ ಎಕಾರದಿಂದ ಹೊರಟು, ನಿಧಾನವಾಗಿ ಏರುತ್ತಾ, ಸರಿಯಾದ ಜಾಗಕ್ಕೆ ಬಂದಾಗ ತಾನೇ ನಿಲ್ಲಿಸಿ ‘ಇದು ನನ್ನ ಭಾಷೆಯಲ್ಲಿ ಇಲ್ಲ’ ಎಂದರು. ನನಗೆ ಅದೇ ದೊಡ್ಡ ಸಮಾಧಾನವೆನಿಸಿತು, ಏಕೆಂದರೆ ಇಷ್ಟು ದಿನ ಅದು ತಮ್ಮ ಭಾಷೆಯಲ್ಲಿ ಇದೆಯೆಂದೇ ಎಲ್ಲರೂ ಭಾವಿಸಿದ್ದರು. ‘ಪುಲ್’ ಬಗೆಯ ಸ್ವರಕ್ಕೂ ಇದೇ ಉಪಾಯವನ್ನು ಹೂಡಿದೆವು: ಇಟ್ಟನು ಎಂಬರ್ಥದ ‘ಪುಸೊ’ ಮತ್ತು ಗಸಿ ಎಂಬರ್ಥದ ‘ಪೊಸೊ’ ಪದಗಳ ನಡುವೆ, ತುಟಿಯನ್ನು ಹೆಚ್ಚು ದುಂಡಗೆ ಮಾಡದೆ ನಿಲ್ಲುವುದು. ಅದು ಇನ್ನೂ ಬೇಗ ಬಂದಿತು.

ಈಗ ಅಕಾರದ ಸಮಸ್ಯೆ. ಬೆಕ್ಕು ಎಂಬರ್ಥದ ‘ಕ್ಯಾಟ್’, ಗಾಯ ಎಂಬರ್ಥದ ‘ಕಟ್’, ಮಗುವಿನ ಮಂಚ ಎಂಬರ್ಥದ ‘ಕಾಟ್’ ಇವುಗಳಲ್ಲಿ ಮೊದಲ ಎರಡು ಒಂದೇ ಆಗುತ್ತವೆ. ಮೂರನೆಯದು ಹೇಗೋ ಒಕಾರದ ಹತ್ತಿರ ಹೋಗಿ ಪಾರಾಗುತ್ತದೆ. ನನ್ನ ಗುಂಪಿನ ಕೆಲವರ ಮನೆಮಾತು ವೇಲೆನ್ಸಿಯನ್. ಅವರಿಗೆ ಇದು ಬೇರೆಯವರಿಗಿಂತ ಸುಲಭವಾದಂತೆ ಕಾಣುತ್ತದೆ, ಅದಕ್ಕೆ ಕಾರಣವಿದೆಯೇ?

ಧ್ವನಿಜಿಜ್ಞಾಸು

ಕಾರಣ ಇದೆ ಎಂದೇ ನನ್ನ ಭಾವನೆ. ವೇಲೆನ್ಸಿಯನ್ ಎಂಬುದು ಕೆಟಲಾನ್ ಭಾಷೆಯ ಪಶ್ಚಿಮದ ಬಗೆ, ಅದರಲ್ಲಿ ಒತ್ತು ಬಿದ್ದ ಸ್ವರಗಳು ಏಳು. ಸಂವೃತ (ಬಾಯಿ ಕಡಿಮೆ ತೆರೆದು ಹೇಳುವ) ಎಕಾರ, ವಿವೃತ ಎಕಾರ ಅವರಿಗೆ ಬೇರೆ ಬೇರೆ, ಒಕಾರವೂ ಹಾಗೆಯೇ. ಒಂದು ಎಕಾರವನ್ನು ಎರಡಾಗಿ ಕೇಳಿ ಬೆಳೆದ ಕಿವಿಗೆ ಹಾಸಿಗೆ ಎಂಬರ್ಥದ ‘ಬೆಡ್’ ಮತ್ತು ಕೆಟ್ಟದ್ದು ಎಂಬರ್ಥದ ‘ಬ್ಯಾಡ್’ ಬೇರೆಯೆಂದು ಕೇಳಿಸುವುದು ಸುಲಭ. ಬಾರ್ಸಿಲೋನಾ ಕಡೆಯ ಪೂರ್ವ ಕೆಟಲಾನ್ ಮಾತನಾಡುವವರಿಗಾದರೆ ಇನ್ನೊಂದು ಲಾಭವೂ ಇದೆ. ಒತ್ತಿಲ್ಲದ ಅಕಾರ, ಎಕಾರಗಳು ಅಲ್ಲಿ ಇಂಗ್ಲಿಷಿನಂತೆಯೇ ಮಸುಕಾದ ನಡುಸ್ವರವಾಗುತ್ತವೆ. ವೇಲೆನ್ಸಿಯನ್ನಿನಲ್ಲಿ ಹಾಗಾಗುವುದಿಲ್ಲ.

‘ಕ್ಯಾಟ್’, ‘ಕಟ್’ ವಿಷಯದಲ್ಲಿ ಹಳೆಯ ಕೈಪಿಡಿಗಳ ಸಲಹೆಯನ್ನು ನಾನು ಬದಲಿಸುತ್ತೇನೆ. ಅವು ‘ಕ್ಯಾಟ್’ ಸ್ವರವನ್ನು ಎಕಾರ, ಆಕಾರಗಳ ನಡುವೆ ಕಷ್ಟಪಟ್ಟು ಹುಡುಕಿಸುತ್ತವೆ. ಅಮೆರಿಕನ್ ಉಚ್ಚಾರಣೆಗೆ ಅದು ಸರಿಯೇ. ಆದರೆ ಇಂದಿನ ಇಂಗ್ಲೆಂಡಿನ ಯುವಜನರ ‘ಕ್ಯಾಟ್’ ಬಹಳ ಕೆಳಗಿಳಿದಿದ್ದು, ಸ್ಪ್ಯಾನಿಷಿನ ಅಕಾರಕ್ಕೆ ಸಮೀಪಿಸಿದೆ. ಹಾಗಾದರೆ ತಮ್ಮ ಅಕಾರವನ್ನು ತುಸು ಮುಂದಕ್ಕೆ ಇಟ್ಟು ‘ಕ್ಯಾಟ್’ಗೆ ಬಳಸಿಕೊಳ್ಳಲಿ. ಹೊಸದಾಗಿ ಕಲಿಯಬೇಕಾದದ್ದು ‘ಕಟ್’ ಸ್ವರ ಮಾತ್ರ. ಕನ್ನಡಿಗರಿಗೆ ಅದು ‘ಮರ’, ‘ಕಪಿ’ ಪದಗಳ ಅಕಾರಕ್ಕೆ ಬಹಳ ಹತ್ತಿರ. ಆದ್ದರಿಂದ ನಿಮ್ಮ ಬಾಯಿಯೇ ಇಲ್ಲಿ ಒಳ್ಳೆಯ ಮಾದರಿ. ಗಲ್ಲದ ಕೆಳಗೆ ಬೆರಳಿಟ್ಟುಕೊಂಡು ಮನೆ ಎಂಬರ್ಥದ ತಮ್ಮ ‘ಕಾಸ’ ಪದವನ್ನು ಹೇಳಲಿ, ದವಡೆ ಎಷ್ಟು ಇಳಿಯಿತೆಂದು ಗಮನಿಸಲಿ. ಅದರ ಅರ್ಧದಷ್ಟೇ ಇಳಿಸಿ, ನಾಲಿಗೆಯನ್ನು ಎಲ್ಲಿಗೂ ಕಳುಹಿಸದೆ ‘ಕಟ್’ ಎನ್ನಲಿ.

ಗ್ವಾದಲಹಾರಾ ಕನ್ನಡತಿ (ಮೆಕ್ಸಿಕೊ)

ಇಲ್ಲಿಯವರೆಗಿನ ಮಾತೆಲ್ಲ ಒತ್ತು ಬಿದ್ದ ಸ್ವರಗಳದ್ದಾಯಿತು. ನನ್ನ ಅನುಭವದಲ್ಲಿ ಸ್ಪ್ಯಾನಿಷ್ ಭಾಷಿಕರ ಇಂಗ್ಲಿಷ್ ಅರ್ಥವಾಗದೆ ಹೋಗುವುದು ಹೆಚ್ಚಾಗಿ ಒತ್ತಿಲ್ಲದ ಸ್ವರಗಳಿಂದ. ‘ಹಾಸ್ಪಿಟಲ್’ ಪದವನ್ನೇ ತೆಗೆದುಕೊಳ್ಳಿ. ಸ್ಪ್ಯಾನಿಷಿನಲ್ಲೂ ಅದೇ ಕಾಗುಣಿತ. ಆದರೆ ಅವರು ಹಕಾರ ಬಿಟ್ಟು, ಒತ್ತನ್ನು ಕೊನೆಗೆ ಹಾಕಿ, ‘ಒಸ್ಪಿತಾಲ್’ ಎಂದು ಮೂರೂ ಸ್ವರಗಳನ್ನು ಪೂರ್ಣವಾಗಿ ಹೇಳುತ್ತಾರೆ. ಇಂಗ್ಲಿಷಿನಲ್ಲಿ ಒತ್ತು ಮೊದಲಿಗೆ ಬಿದ್ದು, ಕೊನೆಯ ಸ್ವರ ಇದೆಯೋ ಇಲ್ಲವೋ ಎನ್ನುವಷ್ಟು ಕ್ಷೀಣವಾಗುತ್ತದೆ. ‘ಡಾಕ್ಟರ್’, ‘ಅನಿಮಲ್’, ‘ಜನರಲ್’, ‘ನ್ಯಾಚುರಲ್’ ಎಲ್ಲವೂ ಹೀಗೆಯೇ. ಎರಡೂ ಭಾಷೆಗಳಿಗೆ ಸಮಾನವಾದ ಪದಗಳೇ ಅತಿ ದೊಡ್ಡ ತೊಡಕು. ಕಣ್ಣಿಗೆ ಪರಿಚಿತವಾದ್ದರಿಂದ ಅವುಗಳ ಉಚ್ಚಾರಣೆಯನ್ನು ಪರಿಶೀಲಿಸಬೇಕೆಂದು ಯಾರಿಗೂ ತೋರುವುದಿಲ್ಲ.

ಮೆಕ್ಸಿಕೊದ ಮಧ್ಯ ಭಾಗದಲ್ಲಿ ಒಂದು ಕುತೂಹಲದ ಸಂಗತಿಯಿದೆ. ಇಲ್ಲಿನ ಆಡುಮಾತಿನಲ್ಲಿ, ಅದರಲ್ಲೂ ಸಕಾರದ ಪಕ್ಕದಲ್ಲಿ, ಒತ್ತಿಲ್ಲದ ಸ್ವರಗಳು ಬಹಳ ಸಲ ಸವೆದು ಹೋಗುತ್ತವೆ. ಅವರಿಗೆ ‘ಸ್ವರವನ್ನು ನುಂಗುವುದು ತಪ್ಪಲ್ಲ, ನೀವು ದಿನವೂ ಮಾಡುತ್ತೀರಿ’ ಎಂದು ಅವರದೇ ಮಾತನ್ನು ಕೇಳಿಸಿ ತೋರಿಸಬಹುದು. ವೇಲೆನ್ಸಿಯಾದಲ್ಲಿ ಈ ಅನುಕೂಲ ಇಲ್ಲದಿರಬಹುದು. ಅಲ್ಲಿ ಒತ್ತು ಬಿದ್ದ ಸ್ವರದಲ್ಲಿ ಮಾತ್ರ ಮೇಜು ತಟ್ಟಿಸಿ, ಉಳಿದದ್ದನ್ನು ಎರಡು ತಟ್ಟುಗಳ ನಡುವೆ ಹಿಡಿಸುವ ಅಭ್ಯಾಸ ಮಾಡಿಸಿ ನೋಡಿ. ಎಲ್ಲ ಉಚ್ಚಾರಾಂಶಗಳಿಗೂ ಸಮಾನ ಸಮಯ ಕೊಡುವ ಅವರ ಅಭ್ಯಾಸ ನಮ್ಮದೂ ಹೌದಾದ್ದರಿಂದ, ಇಲ್ಲಿ ನಿಮ್ಮ ಧ್ವನಿಗಿಂತ ಧ್ವನಿಮುದ್ರಣವನ್ನು ಮಾದರಿಯಾಗಿಡುವುದು ಉತ್ತಮ.

ಮೈಸೂರಿನ ಅಧ್ಯಾಪಕ

ಈ ಮಾತು ಬಹಳ ಸರಿ. ಅವಧಿಯನ್ನು ವ್ಯಂಜನದ ಪಾಠಕ್ಕೆ ವರ್ಗಾಯಿಸುವ ಸಲಹೆಯೂ ನನಗೆ ಒಪ್ಪಿಗೆಯಾಗಿದೆ. ‘ನರ್ಸ್’ ಸ್ವರವನ್ನು ಮಾತ್ರ ಮರೆಯಬೇಡಿ ಎಂದು ಮತ್ತೊಮ್ಮೆ ಒತ್ತಾಯಿಸುತ್ತೇನೆ. ನೋವಾಯಿತು ಎಂಬ ‘ಹರ್ಟ್’, ಮೊದಲನೆಯದು ಎಂಬ ‘ಫರ್ಸ್ಟ್’, ನರ ಎಂಬ ‘ನರ್ವ್’, ಇನ್ನೂ ಕೆಟ್ಟಿದೆ ಎಂಬ ‘ವರ್ಸ್’ ಈ ನಾಲ್ಕು ಪದಗಳ ಇಂಗ್ಲಿಷ್ ಕಾಗುಣಿತದಲ್ಲಿ ನಾಲ್ಕು ಬೇರೆ ಬೇರೆ ಸ್ವರಾಕ್ಷರಗಳಿವೆ. ಸ್ಪ್ಯಾನಿಷ್ ಓದುಗರು ಅವನ್ನು ನಂಬಿ ಉಕಾರ, ಇಕಾರ, ಎಕಾರ, ಒಕಾರಗಳನ್ನು ಕ್ರಮವಾಗಿ ಹಾಕುತ್ತಾರೆ. ಇಂಗ್ಲೆಂಡಿನ ಹೆಚ್ಚಿನ ಭಾಗಗಳಲ್ಲಿ ನಾಲ್ಕಕ್ಕೂ ಒಂದೇ ಸ್ವರ: ನಾಲಿಗೆ ಬಾಯಿಯ ನಡುವೆ ತಟಸ್ಥವಾಗಿ ನಿಂತಿರುತ್ತದೆ, ರಕಾರ ಕೇಳಿಸುವುದಿಲ್ಲ. ವಾರ್ಡಿನಲ್ಲಿ ದಿನವಿಡೀ ಬಳಸುವ ಪದಗಳಿವು. ಮೊದಲು ಪದಗಳನ್ನು ಬರೆದು ತೋರಿಸದೆ, ಕೇಳಿಸಿ ಹೇಳಿಸಿ; ನಾಲ್ಕೂ ಒಂದೇ ಸ್ವರವೆಂದು ಬಾಯಿಗೆ ರೂಢಿಯಾದ ಮೇಲೆ ಕಾಗುಣಿತ ತೋರಿಸಿ. ‘ಬ್ಲಡ್’, ‘ಫುಡ್’, ‘ಗುಡ್’ ಪದಗಳಿಗೂ ಇದೇ ಕ್ರಮ ಒಳ್ಳೆಯದು. ಅಲ್ಲಿ ಒಂದೇ ಕಾಗುಣಿತಕ್ಕೆ ಮೂರು ಸ್ವರಗಳಿವೆ.

ಎಡಿನ್‌ಬರೊ ವಾಸಿ

ಸಣ್ಣ ತಿದ್ದುಪಡಿ: ಸ್ಕಾಟ್ಲೆಂಡಿನಲ್ಲಿ ರಕಾರ ಕೇಳಿಸುತ್ತದೆ, ಅಷ್ಟೇ ಅಲ್ಲ, ‘ಹರ್ಟ್’, ‘ಫರ್ಸ್ಟ್’, ‘ನರ್ವ್’ ಪದಗಳಿಗೆ ಬೇರೆ ಬೇರೆ ಸ್ವರ ಉಳಿಸಿಕೊಂಡಿರುವವರು ಈಗಲೂ ಇಲ್ಲಿದ್ದಾರೆ. ಇಲ್ಲಿಗೆ ಬರುವ ಸ್ಪ್ಯಾನಿಷ್ ದಾದಿಗೆ ಆ ಪಾಠದಲ್ಲಿ ಬಹುಪಾಲು ವಿನಾಯಿತಿ ಕೊಡಬಹುದು.

ತುರಿಯಾ ತೀರ (ವೇಲೆನ್ಸಿಯಾ, ಸ್ಪೇನ್)

ನನ್ನ ಗುಂಪಿನಲ್ಲಿ ಇಬ್ಬರು ಗ್ಲಾಸ್ಗೋಗೆ, ಉಳಿದವರು ಲೀಡ್ಸ್ ಮತ್ತು ಲಂಡನ್ನಿಗೆ ಹೊರಟವರೆಂದು ವಿಚಾರಿಸಿ ತಿಳಿದುಕೊಂಡೆ. ಅದರಂತೆ ಪದಪಟ್ಟಿಗಳನ್ನು ಬೇರೆ ಮಾಡುತ್ತಿದ್ದೇನೆ. ಕೊನೆಯ ಪ್ರಶ್ನೆ: ಅವರು ಮನೆಯಲ್ಲಿ ಒಬ್ಬರೇ ಅಭ್ಯಾಸ ಮಾಡುವಾಗ ಸರಿಯಾಗಿದೆಯೇ ಎಂದು ತಿಳಿಯುವ ಬಗೆ ಯಾವುದು? ಮೊಬೈಲಿನ ಡಿಕ್ಟೇಷನ್ ಬಳಸಿದರೆ ಅದು ವಾಕ್ಯದ ಸಂದರ್ಭ ನೋಡಿ ತಾನೇ ಸರಿಪಡಿಸಿಬಿಡುತ್ತದೆ.

ಧ್ವನಿಜಿಜ್ಞಾಸು

ಪ್ರಾಟ್ ಎಂಬ ಉಚಿತ ತಂತ್ರಾಂಶ ಬಳಸಿ. ಆಮ್‌ಸ್ಟರ್‌ಡ್ಯಾಮ್ ವಿಶ್ವವಿದ್ಯಾಲಯದ ಪಾಲ್ ಬೋರ್ಸ್ಮಾ ಮತ್ತು ಡೇವಿಡ್ ವೀನಿಂಕ್ ರಚಿಸಿದ್ದು. ಮೇಲೆ ಎಡಿನ್‌ಬರೊದವರು ಹೇಳಿದ ಅಧ್ಯಯನದ ಬೋರ್ಸ್ಮಾ ಅವರೇ ಇವರು. ಧ್ವನಿಮುದ್ರಣವನ್ನು ತೆರೆದು, ಸ್ವರದ ನಡುಭಾಗವನ್ನು ಆಯ್ದು, ಫಾರ್ಮಂಟ್ ಪಟ್ಟಿಯಿಂದ ಮೊದಲ ಎರಡು ಅಂಕಿಗಳನ್ನು ಬರೆದುಕೊಳ್ಳಬೇಕು. ಫಾರ್ಮಂಟ್ ಹುಡುಕುವ ಮೇಲ್ಮಿತಿಯನ್ನು ಹೆಂಗಸರ ಧ್ವನಿಗೆ 5500 ಹರ್ಟ್ಸ್, ಗಂಡಸರ ಧ್ವನಿಗೆ 5000 ಎಂದಿಡುವುದು ರೂಢಿ. ನಾನು ಆರಂಭದಲ್ಲಿ ಕೊಟ್ಟ ಅಂಕಿಗಳು ಅಮೆರಿಕದ ಗಂಡಸರವು; ಅವುಗಳೊಂದಿಗೆ ನಿಮ್ಮ ವಿದ್ಯಾರ್ಥಿನಿಯರು ತಮ್ಮ ಅಂಕಿಗಳನ್ನು ಹೋಲಿಸಬಾರದು, ಏಕೆಂದರೆ ಹೆಂಗಸರ ಫಾರ್ಮಂಟ್‌ಗಳು ಸಾಮಾನ್ಯವಾಗಿ ಹೆಚ್ಚಿನವು. ಒಬ್ಬಾಕೆ ತನ್ನದೇ ‘ಮಿಸ’, ‘ಮೆಸ’ ಮತ್ತು ‘ಸಿಟ್’ ಪದಗಳನ್ನು ಅಳೆದು, ‘ಸಿಟ್’ ಸ್ವರದ ಮೊದಲ ಫಾರ್ಮಂಟ್ ಉಳಿದೆರಡರ ನಡುವೆ ಬಿದ್ದಿದೆಯೇ ಎಂದು ನೋಡಿಕೊಂಡರೆ ಸಾಕು.

ಅಳತೆಗೆ ‘ಹಿಲ್’, ‘ಹೀಲ್’ ಜೋಡಿಯನ್ನು ಮಾತ್ರ ಬಳಸಬೇಡಿ. ಇಂಗ್ಲಿಷಿನ ಪದಾಂತ್ಯದ ಲಕಾರ ಹಿಂದಿನ ಸ್ವರದ ಎರಡನೆಯ ಫಾರ್ಮಂಟನ್ನು ಕೆಳಗೆಳೆಯುವುದರಿಂದ ಅಂಕಿಗಳು ಗೊಂದಲ ಹುಟ್ಟಿಸುತ್ತವೆ. ‘ಸಿಟ್’, ‘ಸೀಟ್’, ‘ಬಿಡ್’, ‘ಬೀಡ್’ ಈ ನಾಲ್ಕನ್ನು ಒಂದೇ ಸಲ ಮುದ್ರಿಸಿಕೊಂಡರೆ ಸ್ವರದ ಗುಣವೂ, ಘೋಷ ವ್ಯಂಜನದ ಮುಂದೆ ಅದು ಹಿಗ್ಗಿದೆಯೇ ಎಂಬುದೂ ಒಟ್ಟಿಗೆ ಕಾಣಿಸುತ್ತವೆ.